‘ಒಳ್ಳೆಯ ದಿನ ಮರಳಿ ಬಂತು’ ಎಂದ ನಾಣ್ಯ: ಕಡಿಮೆ ದುಡ್ಡಲ್ಲಿ ರೋಮನ್ ನಾಣ್ಯ ಸಂಗ್ರಹ ಶುರು ಮಾಡೋದು ಹೇಗೆ?

ಕ್ರಿ.ಶ. 348. ರೋಮನ್ ಸಾಮ್ರಾಜ್ಯದ ಟಂಕಸಾಲೆಗಳಿಂದ ಹೊಸ ಕಂಚಿನ ನಾಣ್ಯವೊಂದು ಹೊರಬಂತು. ಒಂದು ಬದಿಯಲ್ಲಿ ಚಕ್ರವರ್ತಿಯ ಮುಖ. ಇನ್ನೊಂದು ಬದಿಯಲ್ಲಿ ಬೇರೆ ಬೇರೆ ಚಿತ್ರಗಳು. ಅದರಲ್ಲಿ ಹೆಚ್ಚು ಚಲಾವಣೆಗೆ ಬಂದದ್ದು, ಕುದುರೆಯಿಂದ ಬೀಳುತ್ತಿರುವ ಶತ್ರುವಿಗೆ ಸೈನಿಕ ಈಟಿಯಿಂದ ತಿವಿಯುವ ಚಿತ್ರ. ಸುತ್ತಲೂ ಲ್ಯಾಟಿನ್ ಬರಹ: ‘ಫೆಲ್ ಟೆಂಪ್ ರೆಪರಾಟಿಯೊ’. ಅಂದರೆ, ಸುಖದ ಕಾಲ ಮರಳಿ ಬಂದಿದೆ.

ಆಗ ಆ ನಾಣ್ಯ ಸುಮಾರು 5 ಗ್ರಾಂ ತೂಗುತ್ತಿತ್ತು, ಅಗಲ 22 ಮಿಲಿಮೀಟರಿನ ಆಸುಪಾಸು. ಹತ್ತು ವರ್ಷ ಕಳೆಯುವುದರೊಳಗೆ ಅದೇ ಚಿತ್ರ, ಅದೇ ಬರಹದ ನಾಣ್ಯ ಸುಮಾರು 2 ಗ್ರಾಮಿಗೆ ಇಳಿದಿತ್ತು. ಲೋಹದಲ್ಲಿ ಚಿಟಿಕೆಯಷ್ಟಿದ್ದ ಬೆಳ್ಳಿಯೂ ಮಾಯವಾಗಿತ್ತು. ಈ ನಡುವೆ ಪೂರ್ವದಲ್ಲಿ ಪರ್ಷಿಯಾ ಜೊತೆ ಯುದ್ಧ, ಪಶ್ಚಿಮದಲ್ಲಿ ಮ್ಯಾಗ್ನೆಂಟಿಯಸ್ ಎಂಬ ಸೇನಾಧಿಕಾರಿಯ ದಂಗೆ, 351ರಲ್ಲಿ ಮುರ್ಸಾ ಎಂಬಲ್ಲಿ ರೋಮನ್ನರೇ ರೋಮನ್ನರನ್ನು ಕೊಂದ ಭೀಕರ ಕಾಳಗ. ಘೋಷಣೆ ಹಾಗೇ ಉಳಿಯಿತು, ನಾಣ್ಯ ಕುಗ್ಗಿತು.

ಈ ನಾಣ್ಯ ಇವತ್ತೂ ಸಿಗುತ್ತದೆ. ಯುರೋಪ್, ಅಮೆರಿಕದ ನಾಣ್ಯ ವ್ಯಾಪಾರಿಗಳ ಬಳಿ ಮುಖ, ಅಕ್ಷರ ಗುರುತು ಸಿಗುವಂಥ ಒಂದು ನಾಣ್ಯಕ್ಕೆ ಸಾಮಾನ್ಯವಾಗಿ 10ರಿಂದ 30 ಡಾಲರ್. ಬೆಂಗಳೂರಿನ ಮಲ್ಟಿಪ್ಲೆಕ್ಸಿಗೆ ಇಬ್ಬರು ಹೋಗಿ ಪಾಪ್‌ಕಾರ್ನ್ ತಿಂದು ಬರುವ ಖರ್ಚು. 1,600 ವರ್ಷಕ್ಕೂ ಹಳೆಯ ವಸ್ತು ಇಷ್ಟು ಅಗ್ಗ ಯಾಕೆ? ಕೊಳ್ಳುವುದು ಸರಿಯೇ? ಹೊಸಬರು ಎಲ್ಲಿಂದ ಶುರು ಮಾಡಬೇಕು? ಒಂದೊಂದಾಗಿ ನೋಡೋಣ.

ಇಷ್ಟು ಅಗ್ಗ ಯಾಕೆ?

ಹಳೆಯದು ಅಂದ್ರೆ ಅಪರೂಪ ಅಂತ ನಾವು ಅಂದುಕೊಳ್ಳುತ್ತೇವೆ. ನಾಣ್ಯದ ವಿಷಯದಲ್ಲಿ ಇದು ನಿಜವಲ್ಲ. ಬೆಲೆ ನಿಂತಿರುವುದು ಎಷ್ಟು ಉಳಿದಿದೆ, ಎಷ್ಟು ಜನಕ್ಕೆ ಬೇಕು ಎಂಬುದರ ಮೇಲೆ. 3 ಮತ್ತು 4ನೇ ಶತಮಾನದಲ್ಲಿ ರೋಮನ್ ಪ್ರಭುತ್ವ ಬ್ರಿಟನ್ನಿನಿಂದ ಈಜಿಪ್ಟಿನವರೆಗೆ ಹತ್ತಾರು ಟಂಕಸಾಲೆಗಳಲ್ಲಿ ಕಡಿಮೆ ಬೆಲೆಯ ನಾಣ್ಯವನ್ನು ರಾಶಿ ರಾಶಿ ಹೊಡೆಸಿತು. ಬ್ಯಾಂಕ್ ಇಲ್ಲದ ಕಾಲ, ಯುದ್ಧದ ಭಯ. ಜನ ಮಡಕೆಗೆ ತುಂಬಿ ನೆಲದಲ್ಲಿ ಹೂತಿಟ್ಟರು. ಹಲವರು ವಾಪಸ್ ಬರಲೇ ಇಲ್ಲ.

2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಬಳಿ ಹೊಲವೊಂದರಲ್ಲಿ ಒಂದೇ ಮಡಕೆಯಲ್ಲಿ 52,503 ನಾಣ್ಯ ಸಿಕ್ಕವು. 2016ರಲ್ಲಿ ಸ್ಪೇನಿನ ಸೆವಿಲ್ಲೆ ಹತ್ತಿರದ ತೊಮಾರೆಸ್‌ನಲ್ಲಿ ಪೈಪ್ ಹಾಕಲು ಅಗೆಯುವಾಗ ಸುಮಾರು 600 ಕೆ.ಜಿ. ಕಂಚಿನ ನಾಣ್ಯ ಹೊರಬಂತು. ಇಷ್ಟಿರುವಾಗ ಒಂದು ಸಾಧಾರಣ ನಾಣ್ಯಕ್ಕೆ ದೊಡ್ಡ ಬೆಲೆ ಬರುವುದು ಹೇಗೆ?

ಇನ್ನೊಂದು ಮಾತು. ಚಿನ್ನದ ‘ಔರಿಯಸ್’ ಸೇನಾಪತಿ, ದೊಡ್ಡ ವ್ಯಾಪಾರಿಯ ಕೈಯಲ್ಲಿ ಓಡಾಡಿದ್ದು. ಈ ಸವೆದ ಕಂಚು ಹಾಗಲ್ಲ. ಬ್ರೆಡ್ಡು, ತರಕಾರಿ, ಅಗ್ಗದ ದ್ರಾಕ್ಷಾರಸ ಕೊಂಡವರ ದುಡ್ಡು ಇದು. ರೋಮಿನ ಸಾಮಾನ್ಯ ಜನರ ಬಗ್ಗೆ ತಿಳಿಯಬೇಕೆಂದರೆ ಚಿನ್ನಕ್ಕಿಂತ ಇದೇ ಒಳ್ಳೆಯ ಸಾಕ್ಷಿ.

ಐದು ನಾಣ್ಯದಲ್ಲಿ ಹಣದುಬ್ಬರದ ಕತೆ

ಹೊಸಬರು ಮಾಡುವ ಮೊದಲ ತಪ್ಪು, ಅಗ್ಗ ಸಿಕ್ಕಿತು ಅಂತ 100 ನಾಣ್ಯ ಒಟ್ಟಿಗೆ ಕೊಳ್ಳುವುದು. ಅದರ ಬದಲು ಒಂದು ಪ್ರಶ್ನೆ ಹಿಡಿದು ಐದೇ ನಾಣ್ಯ ಹುಡುಕಿ. ರಾಜಕೀಯದಲ್ಲಿ ಆಸಕ್ತಿ ಇರುವವರಿಗೆ ಒಂದು ಒಳ್ಳೆಯ ಪ್ರಶ್ನೆ ಇದೆ: ಪ್ರಭುತ್ವವೇ ತನ್ನ ಹಣವನ್ನು ಹೇಗೆ ಕೆಡಿಸುತ್ತದೆ?

ಹಿನ್ನೆಲೆ ಇಷ್ಟು. ಆಗಸ್ಟಸ್ ಕಾಲದ ‘ಡೆನಾರಿಯಸ್’ ಹೆಚ್ಚುಕಡಿಮೆ ಶುದ್ಧ ಬೆಳ್ಳಿ, ತೂಕ ಸುಮಾರು 3.9 ಗ್ರಾಂ. ಒಂದು ಡೆನಾರಿಯಸ್‌ಗೆ 16 ‘ಆಸ್’ ಎಂಬ ತಾಮ್ರದ ನಾಣ್ಯ. ಸೈನಿಕನ ವರ್ಷದ ಸಂಬಳ 225 ಡೆನಾರಿಯಸ್. ಕ್ರಿ.ಶ. 64ರ ಹೊತ್ತಿಗೆ ನೀರೋ ತೂಕ ಮತ್ತು ಬೆಳ್ಳಿ ಎರಡನ್ನೂ ಇಳಿಸಿದ. 200ರ ಹೊತ್ತಿಗೆ ಸೆಪ್ಟಿಮಿಯಸ್ ಸೆವೆರಸ್ ಸೈನಿಕರ ಸಂಬಳ ಏರಿಸಿ, ನಾಣ್ಯದ ಬೆಳ್ಳಿಯನ್ನು ಅರ್ಧದ ಹತ್ತಿರಕ್ಕೆ ತಂದಿದ್ದ. ಇಲ್ಲಿಂದ ಮುಂದಿನದು ನಿಮ್ಮ ಐದು ನಾಣ್ಯಗಳ ಕತೆ.

1. ಗ್ಯಾಲಿಯೆನಸ್‌ನ ‘ಆಂಟೋನಿನಿಯಾನಸ್’ (260–268): ಚಕ್ರವರ್ತಿ ತಲೆಯ ಮೇಲೆ ಸೂರ್ಯಕಿರಣದಂಥ ಮೊನೆಗಳಿರುವ ಕಿರೀಟ. 215ರಲ್ಲಿ ಕ್ಯಾರಕಲ್ಲ ಈ ಬಗೆಯನ್ನು ತಂದಾಗ ಇದು ಎರಡು ಡೆನಾರಿಯಸ್‌ಗೆ ಸಮ ಎಂದು ಲೆಕ್ಕ. ಒಳಗಿದ್ದ ಬೆಳ್ಳಿ ಮಾತ್ರ ಒಂದೂವರೆಯಷ್ಟು. ಗ್ಯಾಲಿಯೆನಸ್ ಆಳ್ವಿಕೆಯ ಕೊನೆಗೆ ಬೆಳ್ಳಿ ಶೇ. 5ಕ್ಕಿಂತ ಕಡಿಮೆ. ಅವನ ತಂದೆ ವಲೇರಿಯನ್‌ನನ್ನು 260ರಲ್ಲಿ ಪರ್ಷಿಯನ್ನರು ಸೆರೆ ಹಿಡಿದಿದ್ದರು, ಸಾಮ್ರಾಜ್ಯ ಮೂರು ಹೋಳಾಗಿತ್ತು. ನಾಣ್ಯದ ಹಿಂಬದಿಯಲ್ಲಿ ಜಿಂಕೆ, ಚಿಗರೆ, ಸಮುದ್ರಕುದುರೆಯಂಥ ಪ್ರಾಣಿಗಳು, ಜೊತೆಗೆ ದೇವರೇ ಕಾಪಾಡು ಎಂಬ ಅರ್ಥದ ಬರಹ. ಇವನ ಹೆಂಡತಿ ಸಲೊನಿನಾಳ ನಾಣ್ಯವೂ ಇದೇ ಬೆಲೆಗೆ ಸಿಗುತ್ತದೆ.

2. ‘ದಿವೋ ಕ್ಲಾಡಿಯೊ’ (270 ಮತ್ತು ನಂತರ): ಎರಡನೇ ಕ್ಲಾಡಿಯಸ್ ಸತ್ತ ಮೇಲೆ ಅವನನ್ನು ದೇವರೆಂದು ಸಾರಿದ ನಾಣ್ಯ. ಹಿಂಬದಿಯಲ್ಲಿ ಬಲಿಪೀಠ ಅಥವಾ ಹದ್ದು. ಬಹುತೇಕವು ಅಡ್ಡಾದಿಡ್ಡಿ, ಅರ್ಧ ಅಕ್ಷರ ಹೊರಗೆ. ಸ್ಥಳೀಯರೇ ಹೊಡೆದುಕೊಂಡ ನಕಲುಗಳೂ ಧಾರಾಳ. ವ್ಯವಸ್ಥೆ ಕುಸಿದದ್ದು ಕೈಗೇ ಗೊತ್ತಾಗುವ ನಾಣ್ಯ ಇದು.

3. ಔರೇಲಿಯನ್ ಅಥವಾ ಪ್ರೋಬಸ್ (274–282): 274ರ ಸುಧಾರಣೆಯ ನಂತರದ್ದು. ಮೇಲೆ ತೆಳುವಾದ ಬೆಳ್ಳಿಯ ಲೇಪ, ಕೆಳಗೆ ‘ಎಕ್ಸ್ ಎಕ್ಸ್ ಐ’ ಎಂಬ ಗುರುತು. 20 ಪಾಲು ತಾಮ್ರಕ್ಕೆ 1 ಪಾಲು ಬೆಳ್ಳಿ ಎಂದು ಇದನ್ನು ಓದುತ್ತಾರೆ. ಸರ್ಕಾರ ತನ್ನ ಕಲಬೆರಕೆಯ ಪ್ರಮಾಣವನ್ನು ತಾನೇ ಬರೆದುಕೊಟ್ಟಂತೆ. ಈ ಸುಧಾರಣೆಗೆ ಮುನ್ನ ರೋಮಿನ ಟಂಕಸಾಲೆ ಕಾರ್ಮಿಕರು ದಂಗೆ ಎದ್ದಿದ್ದರು. ಅದನ್ನು ಹತ್ತಿಕ್ಕುವಾಗ ಸುಮಾರು 7,000 ಸೈನಿಕರು ಸತ್ತರೆಂದು ಪ್ರಾಚೀನ ಲೇಖಕರು ಬರೆದಿದ್ದಾರೆ.

4. ಕಾನ್‌ಸ್ಟಂಟೈನ್ ಕುಟುಂಬದ ‘ಗ್ಲೋರಿಯಾ ಎಕ್ಸರ್ಸಿಟಸ್’ (330ರ ದಶಕ): ‘ಸೇನೆಗೆ ಕೀರ್ತಿ’. ಇಬ್ಬರು ಸೈನಿಕರು, ಮಧ್ಯೆ ಎರಡು ಸೇನಾ ಧ್ವಜ. ಸ್ವಲ್ಪ ವರ್ಷದಲ್ಲಿ ನಾಣ್ಯ ಚಿಕ್ಕದಾಯಿತು, ಜಾಗ ಸಾಲದೆ ಧ್ವಜವೂ ಒಂದಕ್ಕೆ ಇಳಿಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

5. ‘ಫೆಲ್ ಟೆಂಪ್ ರೆಪರಾಟಿಯೊ’: ಮೇಲೆ ಹೇಳಿದ್ದೇ. ಸಾಧ್ಯವಾದರೆ ಒಂದು ದೊಡ್ಡದು, ಒಂದು ಸಣ್ಣದು.

3 ಮತ್ತು 4ರ ನಡುವೆ ಒಂದು ಘಟನೆ ನಡೆಯಿತು. ಬೆಲೆ ಏರಿಕೆ ತಡೆಯಲು ಡಯೊಕ್ಲೀಷಿಯನ್ 301ರಲ್ಲಿ ಸಾವಿರಕ್ಕೂ ಹೆಚ್ಚು ವಸ್ತು, ಕೂಲಿಗಳಿಗೆ ಗರಿಷ್ಠ ದರ ನಿಗದಿ ಮಾಡಿದ. ಮೀರಿದರೆ ಮರಣದಂಡನೆ. ಆ ಶಾಸನದ ಪೀಠಿಕೆ ದೂರುವುದು ವ್ಯಾಪಾರಿಗಳ ದುರಾಸೆಯನ್ನು. ನಾಣ್ಯದಿಂದ ಬೆಳ್ಳಿ ಕದ್ದವರು ಯಾರು ಎಂಬ ಮಾತು ಅದರಲ್ಲಿಲ್ಲ. ಸರಕು ಸಂತೆಯಿಂದಲೇ ಮಾಯವಾಯಿತು ಎಂದು ಸಮಕಾಲೀನ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಬರೆದಿದ್ದಾನೆ. ಅವನು ಡಯೊಕ್ಲೀಷಿಯನ್‌ನ ವಿರೋಧಿ ಎಂಬುದು ನೆನಪಿರಲಿ. ಆದರೂ ಆ ದರಪಟ್ಟಿ ನಿಲ್ಲಲಿಲ್ಲ ಅನ್ನೋದಂತೂ ಸ್ಪಷ್ಟ.

ಓದೋದು ಹೇಗೆ?

ಲ್ಯಾಟಿನ್ ಬರಬೇಕಿಲ್ಲ. ಹತ್ತು ಸಂಕ್ಷೇಪ ಕಲಿತರೆ ಮುಕ್ಕಾಲು ಪಾಲು ನಾಣ್ಯ ಓದಬಹುದು. ‘ಐಎಂಪಿ’ ಅಂದ್ರೆ ಇಂಪರೇಟರ್, ಸೇನೆಯ ದಂಡನಾಯಕ. ‘ಎವಿಜಿ’ ಅಂದ್ರೆ ಆಗಸ್ಟಸ್. ‘ಯು’ ಇರಬೇಕಾದ ಕಡೆ ‘ವಿ’ ಬರೆಯುತ್ತಿದ್ದರು. ‘ಪಿ ಎಫ್’ ಅಂದರೆ ಧರ್ಮನಿಷ್ಠ, ಭಾಗ್ಯವಂತ. 4ನೇ ಶತಮಾನದಲ್ಲಿ ‘ಐಎಂಪಿ’ ಜಾಗಕ್ಕೆ ‘ಡಿ ಎನ್’ ಬಂದು ಕೂರುತ್ತದೆ. ಅದರ ಅರ್ಥ ‘ನಮ್ಮ ಒಡೆಯ’. ನಾನು ನಾಗರಿಕರಲ್ಲಿ ಮೊದಲಿಗ ಅಷ್ಟೇ ಎಂದು ಹೇಳಿಕೊಂಡ ಆಗಸ್ಟಸ್‌ನಿಂದ ‘ನಮ್ಮ ಒಡೆಯ’ನವರೆಗಿನ ದಾರಿ ಈ ಎರಡಕ್ಷರದಲ್ಲಿದೆ.

ಹಿಂಬದಿಯ ಕೆಳಗಿನ ಗೆರೆಯ ಅಡಿ ಟಂಕಸಾಲೆಯ ಗುರುತು ಇರುತ್ತದೆ. ‘ಎಸ್‌ಐಎಸ್’ ಇದ್ದರೆ ಇಂದಿನ ಕ್ರೊಯೇಷಿಯಾದ ಸಿಸಾಕ್. ‘ಪಿಎಲ್‌ಎನ್’ ಅಂದರೆ ಲಂಡನ್. ‘ಟಿಆರ್‌ಪಿ’ ಕಂಡರೆ ಗಾಬರಿ ಬೇಡ, ನ್ಯೂಸ್ ಚಾನೆಲ್ ರೇಟಿಂಗ್ ಅಲ್ಲ. ಜರ್ಮನಿಯ ಟ್ರಿಯರ್ ನಗರದ ಮೊದಲನೇ ಕಾರ್ಯಾಗಾರ.

ಚಿತ್ರಗಳನ್ನೂ ಅನುಮಾನದಿಂದಲೇ ಓದಿ. ಕ್ರೈಸ್ತ ಧರ್ಮಕ್ಕೆ ಒಲಿದ ಕಾನ್‌ಸ್ಟಂಟೈನ್‌ನ ನಾಣ್ಯದಲ್ಲಿ 312ರ ನಂತರವೂ ಹಲವು ವರ್ಷ ಸೂರ್ಯದೇವನೇ ಇದ್ದ. ‘ಅಜೇಯ ಸೂರ್ಯ ನನ್ನ ಜೊತೆಗಾರ’ ಎಂಬ ಅರ್ಥದ ಬರಹದ ಸಮೇತ. ಕ್ಯಾರಕಲ್ಲ ತನ್ನ ತಮ್ಮ ಗೀಟನನ್ನು ಕೊಲ್ಲಿಸಿದ ಮೇಲೆ ಏಷ್ಯಾ ಮೈನರಿನ ಕೆಲವು ನಗರಗಳ ನಾಣ್ಯದಲ್ಲಿ ಗೀಟನ ಮುಖವನ್ನೇ ಕೆತ್ತಿ ಅಳಿಸಿದರು. ಪಠ್ಯಪುಸ್ತಕದಿಂದ ಹೆಸರು ತೆಗೆಯುವ ಚಾಳಿ ಹೊಸದೇನಲ್ಲ.

ಗುರುತಿಸಲು ಉಚಿತ ನೆರವು ಇದೆ. ಅಮೆರಿಕನ್ ನ್ಯೂಮಿಸ್ಮಾಟಿಕ್ ಸೊಸೈಟಿ ನಡೆಸುವ ‘ಆನ್‌ಲೈನ್ ಕಾಯಿನ್ಸ್ ಆಫ್ ದಿ ರೋಮನ್ ಎಂಪೈರ್’ನಲ್ಲಿ ಚಕ್ರವರ್ತಿ, ಟಂಕಸಾಲೆ, ಬರಹದ ಮೇಲೆ ಹುಡುಕಬಹುದು. ಒಂದು ರೂಪಾಯಿ ಖರ್ಚು ಮಾಡುವ ಮೊದಲು ಅಲ್ಲಿ ಒಂದು ವಾರ ಕಳೆಯಿರಿ. ಬಹಳ ಜನಕ್ಕೆ ಅಷ್ಟೇ ಸಾಕಾಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ.

ಎಲ್ಲಿಂದ ಬಂತು? ಇದೇ ಮುಖ್ಯ ಪ್ರಶ್ನೆ

ಈಗ ಕಹಿ ಭಾಗ. ‘ಮಣ್ಣು ತೊಳೆಯದ ರೋಮನ್ ನಾಣ್ಯ, 50ರ ಗಂಟು’ ಎಂಬ ಜಾಹೀರಾತು ಕಂಡರೆ ಒಂದು ಕ್ಷಣ ನಿಲ್ಲಿ. ಆ ಮಣ್ಣು ಯಾವ ಊರಿನದು? ಬಲ್ಗೇರಿಯಾ ಮತ್ತು ಸುತ್ತಲಿನ ಬಾಲ್ಕನ್ ದೇಶಗಳಲ್ಲಿ ದಶಕಗಳಿಂದ ಲೋಹಶೋಧಕ ಹಿಡಿದ ಕಳ್ಳರು ಪುರಾತನ ನೆಲೆಗಳನ್ನು ರಾತ್ರೋರಾತ್ರಿ ಅಗೆದಿದ್ದಾರೆ. ಸಿರಿಯಾದಲ್ಲಿ ಯುದ್ಧದ ಮರೆಯಲ್ಲಿ ಇದೇ ನಡೆಯಿತು.

ಒಂದು ನಾಣ್ಯ ಹೋದರೆ ಏನು ನಷ್ಟ? ನಷ್ಟ ನಾಣ್ಯದ್ದಲ್ಲ. ಯಾವ ಮನೆಯ ಯಾವ ನೆಲದ ಪದರದಲ್ಲಿ, ಯಾವುದರ ಪಕ್ಕ ಅದು ಇತ್ತು ಎಂಬ ಮಾಹಿತಿಯದ್ದು. ಒಂದು ಗೋಡೆಯ ಬುನಾದಿ ಅಡಿ ಸಿಕ್ಕ ಸವಕಲು ನಾಣ್ಯ ಆ ಕಟ್ಟಡದ ಕಾಲವನ್ನೇ ಹೇಳಬಲ್ಲದು. ಕಿತ್ತು ತಂದ ಮೇಲೆ ಅದು ಬರೀ ಲೋಹದ ಚೂರು. ಅಗೆದವನಿಗೆ ಸಿಗುವುದು ಬಿಡಿಗಾಸು, ಲಾಭ ದಲ್ಲಾಳಿಯದ್ದು.

ಫ್ರೋಮ್‌ನಲ್ಲಿ ನಡೆದದ್ದು ಇದರ ಉಲ್ಟಾ. ಲೋಹಶೋಧಕದಿಂದ ಮಡಕೆ ಪತ್ತೆ ಮಾಡಿದ ವ್ಯಕ್ತಿ ಅಗೆಯುವುದನ್ನು ನಿಲ್ಲಿಸಿ ಪುರಾತತ್ವ ತಜ್ಞರನ್ನು ಕರೆದರು. ಅವರು ಪದರ ಪದರವಾಗಿ ಬಿಡಿಸಿದ್ದರಿಂದ ಯಾವ ನಾಣ್ಯ ಮಡಕೆಯ ಯಾವ ಭಾಗದಲ್ಲಿತ್ತು ಎಂಬುದು ತಿಳಿಯಿತು. 286ರಲ್ಲಿ ಬ್ರಿಟನ್ನನ್ನು ಕಿತ್ತುಕೊಂಡು ಆಳಿದ ಕರೌಸಿಯಸ್‌ನ 760ಕ್ಕೂ ಹೆಚ್ಚು ನಾಣ್ಯ ಅದರಲ್ಲಿದ್ದವು. 1996ರ ನಿಧಿ ಕಾಯ್ದೆಯಂತೆ ಬೆಲೆ ಕಟ್ಟಿ ಸಾಮರ್ಸೆಟ್‌ನ ಮ್ಯೂಸಿಯಂ 3,20,250 ಪೌಂಡಿಗೆ ಕೊಂಡಿತು. ಹಣ ಪತ್ತೆ ಮಾಡಿದವರಿಗೂ ಜಮೀನು ಮಾಲೀಕರಿಗೂ ಹೋಯಿತು.

ಇದು ಬಡ ನಾಣ್ಯಗಳ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಜೂಲಿಯಸ್ ಸೀಸರ್ ಕೊಲೆಯನ್ನು ಎರಡು ಕತ್ತಿಯ ಚಿತ್ರದಿಂದ ಕೊಂಡಾಡಿದ ಬ್ರೂಟಸ್‌ನ ಚಿನ್ನದ ನಾಣ್ಯ 2020ರಲ್ಲಿ ಲಂಡನ್ ಹರಾಜಿನಲ್ಲಿ ಸುಮಾರು 42 ಲಕ್ಷ ಡಾಲರಿಗೆ ಹೋಯಿತು. ಅದರ ಹಿಂದಿನ ಮಾಲೀಕತ್ವದ ಕಾಗದ ಸುಳ್ಳು ಎಂದು ಅಮೆರಿಕದ ತನಿಖೆಯಲ್ಲಿ ಹೊರಬಂದು, 2023ರಲ್ಲಿ ನಾಣ್ಯ ಗ್ರೀಸಿಗೆ ಮರಳಿತು.

ಸಂಗ್ರಾಹಕರ ವಾದವೂ ಇದೆ. ಲಕ್ಷಾಂತರ ಸಾಧಾರಣ ನಾಣ್ಯಗಳನ್ನು ಇಡಲು ಮ್ಯೂಸಿಯಂಗಳಿಗೆ ಜಾಗವಿಲ್ಲ. ಎಲ್ಲವನ್ನೂ ನಿಷೇಧಿಸಿದರೆ ವ್ಯಾಪಾರ ಭೂಗತವಾಗುತ್ತದೆ. ಇಂಗ್ಲೆಂಡಿನಂತೆ ವರದಿ ಮಾಡಿದವರಿಗೆ ಗೌರವ ಕೊಟ್ಟರೆ ಮಾಹಿತಿ ಉಳಿಯುತ್ತದೆ ಅನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಆದರೆ ಆ ವಾದ ನಿಲ್ಲಬೇಕಾದರೆ ಕೊಳ್ಳುವವರು ಕಾಗದ ಕೇಳಲೇಬೇಕು. ಕೇಳದೆ ಕೊಂಡು, ‘ನಾನು ಇತಿಹಾಸ ಉಳಿಸುತ್ತಿದ್ದೇನೆ’ ಅಂದರೆ ಅದು ಆತ್ಮವಂಚನೆ.

ಹಾಗಾಗಿ ಕೊಳ್ಳುವ ಮುನ್ನ:

– ಹಿಂದೆ ಯಾರ ಸಂಗ್ರಹದಲ್ಲಿತ್ತು, ಯಾವ ಹರಾಜಿನಲ್ಲಿ ಮಾರಾಟವಾಗಿತ್ತು ಎಂದು ಲಿಖಿತವಾಗಿ ಕೇಳಿ. ಹಳೆಯ ಚೀಟಿ ಇರುವ ನಾಣ್ಯಕ್ಕೆ ಹತ್ತು ಡಾಲರ್ ಹೆಚ್ಚಾದರೂ ಪರವಾಗಿಲ್ಲ.
– ಇಂಗ್ಲೆಂಡ್, ವೇಲ್ಸ್‌ನಲ್ಲಿ ಸಿಕ್ಕು ‘ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್’ನಲ್ಲಿ ದಾಖಲಾದ ನಾಣ್ಯಕ್ಕೆ ಸಂಖ್ಯೆ ಇರುತ್ತದೆ. ಅಗ್ಗದ ನಾಣ್ಯಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.
– ಇಟಲಿ, ಬಲ್ಗೇರಿಯಾ ಮೂಲದ ಹಲವು ಬಗೆಯ ಪುರಾತನ ನಾಣ್ಯಗಳ ಆಮದಿಗೆ ಅಮೆರಿಕದಲ್ಲಿ ನಿರ್ಬಂಧವಿದೆ. ಅಲ್ಲಿರುವ ಕನ್ನಡಿಗರು ಇದನ್ನು ಗಮನಿಸಬೇಕು.
– ಟರ್ಕಿಗೆ ಪ್ರವಾಸ ಹೋದಾಗ ಪಾಳು ನಗರದ ಬಳಿ ‘ಅಣ್ಣಾ, ಅಸಲಿ’ ಅಂತ ಯಾರಾದರೂ ಅಂಗೈ ಚಾಚಿದರೆ ಮುಟ್ಟಬೇಡಿ. ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ವಿಮಾನ ನಿಲ್ದಾಣದಲ್ಲಿ ಪೊಲೀಸ್.

ಭಾರತದಲ್ಲಿದ್ದರೆ?

ರೋಮನ್ ನಾಣ್ಯಕ್ಕೂ ನಮ್ಮ ನೆಲಕ್ಕೂ ನಂಟಿದೆ. ಮೆಣಸು, ಮುತ್ತು, ಬಟ್ಟೆಗೆ ಬದಲಾಗಿ ರೋಮಿನ ಬೆಳ್ಳಿ, ಚಿನ್ನ ದಕ್ಷಿಣ ಭಾರತಕ್ಕೆ ಹರಿಯಿತು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಹೋಗುತ್ತಿದೆ ಎಂದು 1ನೇ ಶತಮಾನದಲ್ಲೇ ಪ್ಲಿನಿ ಗೊಣಗಿದ್ದ. 1891ರಲ್ಲಿ ಯಶವಂತಪುರದಲ್ಲಿ 160ಕ್ಕೂ ಹೆಚ್ಚು ಬೆಳ್ಳಿ ಡೆನಾರಿಯಸ್ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. 1898ರಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿಗೆ ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಗೀರಿದ ಗಾಯವಿತ್ತು. ನಮ್ಮ ‘ದೀನಾರ’ ಪದ ಬಂದದ್ದು ಡೆನಾರಿಯಸ್‌ನಿಂದಲೇ.

ಅದಕ್ಕೇ ಇಲ್ಲಿ ಕಾನೂನು ತಿಳಿದಿರಬೇಕು. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ವ್ಯಾಪಾರ ಮಾಡಲು ಪರವಾನಗಿ ಬೇಕು. ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು ಎಂಬ ನಿಯಮ 1878ರ ನಿಧಿ ಕಾಯ್ದೆಯಿಂದಲೂ ಇದೆ, ಬಚ್ಚಿಟ್ಟರೆ ಅಪರಾಧ. ‘ನಮ್ಮೂರ ಹೊಲದಲ್ಲಿ ಸಿಕ್ಕಿದ್ದು, ಅರ್ಧ ರೇಟಿಗೆ ಕೊಡ್ತೀನಿ’ ಅನ್ನುವವರಿಂದ ದೂರ ಇರಿ. ವಿದೇಶದಿಂದ ತರಿಸುವುದಾದರೆ ಬಿಲ್ಲು, ಮೂಲದ ಕಾಗದ ಇಟ್ಟುಕೊಳ್ಳಿ, ಪಾರ್ಸೆಲ್ ಮೇಲೆ ನಿಜವನ್ನೇ ಬರೆಸಿ, ಕಸ್ಟಮ್ಸ್ ತೆರಿಗೆ ಸೇರಿಸಿ ಲೆಕ್ಕ ಹಾಕಿ. ಅಗ್ಗದ ನಾಣ್ಯಕ್ಕಿಂತ ಅಂಚೆ ಖರ್ಚೇ ಹೆಚ್ಚಾಗಬಹುದು.

ನಕಲಿ, ತೊಳೆಯೋದು, ಇಡೋದು

ಅಸಲಿ ರೋಮನ್ ನಾಣ್ಯ ಬಹುತೇಕ ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದದ್ದು. ಇಂದಿನ ನಕಲಿಗಳಲ್ಲಿ ಹಲವು ಎರಕ ಹೊಯ್ದವು. ಅಂಚಿನ ಸುತ್ತ ಸೇರಿಕೆಯ ಗೆರೆ, ಮೈಮೇಲೆ ಸಣ್ಣ ಗುಳ್ಳೆಯ ಗುಳಿ, ಸೋಪಿನಂತೆ ಮೃದುವಾದ ಅಕ್ಷರ, ದಾಖಲಾದ ತೂಕಕ್ಕೆ ಹೊಂದದ ತೂಕ. ಇವು ಕಂಡರೆ ಬಿಡಿ. ಅದೇ ಗುಳಿ, ಅದೇ ಗೀರು ಇರುವ ಎರಡು ನಾಣ್ಯ ಕಂಡರೆ ಒಂದಾದರೂ ನಕಲಿ. ಸಾಧಾರಣ ಕಂಚಿನಲ್ಲಿ ನಕಲಿ ಕಡಿಮೆ, ಬೆಳ್ಳಿಯಲ್ಲಿ ಹೆಚ್ಚು. ಹೊಸಬರು ಕಂಚಿನಿಂದ ಶುರು ಮಾಡಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಮನೆಯಲ್ಲಿ ಹಿತ್ತಾಳೆ ದೀಪ ತಿಕ್ಕಿದಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಶತಮಾನಗಳಲ್ಲಿ ಕೂತ ಹಸಿರು, ಕಂದು ಪದರವೇ ನಾಣ್ಯದ ಚರ್ಮ. ಅದು ಹೋದರೆ ಅಕ್ಷರವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ತೀರಾ ಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ ಮೃದುವಾದ ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಿಸಿ.

ತಿಳಿಹಸಿರು ಪುಡಿ ಉದುರತೊಡಗಿದರೆ ಅದು ಕಂಚಿನ ರೋಗ. ಲೋಹದೊಳಗಿನ ಕ್ಲೋರೈಡ್ ತೇವ ಕುಡಿದು ನಾಣ್ಯವನ್ನು ತಿನ್ನುತ್ತದೆ. ಅಂಥದನ್ನು ತಕ್ಷಣ ಬೇರೆ ಇಡಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಕಡ್ಡಾಯ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ. ವರ್ಷ ಕಳೆದಂತೆ ಅದು ಅಂಟು ಬಿಟ್ಟು ನಾಣ್ಯ ಕೆಡಿಸುತ್ತದೆ. ಆಮ್ಲರಹಿತ ಕಾಗದದ ಲಕೋಟೆ ಸಾಕು. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ.

ಪ್ರತಿ ಲಕೋಟೆಯಲ್ಲಿ ಒಂದು ಚೀಟಿ ಇರಲಿ: ಯಾರ ನಾಣ್ಯ, ಯಾವ ಟಂಕಸಾಲೆ, ತೂಕ, ಅಗಲ, ಯಾರಿಂದ ಯಾವಾಗ ಎಷ್ಟಕ್ಕೆ ಕೊಂಡದ್ದು, ಅದಕ್ಕೂ ಮುಂಚೆ ಯಾರ ಬಳಿ ಇತ್ತು. ನಾಳೆ ಅದು ಇನ್ನೊಬ್ಬರ ಕೈಗೆ ಹೋಗುತ್ತದೆ. ಅವರು ‘ಎಲ್ಲಿಂದ ಬಂತು?’ ಎಂದು ಕೇಳಿದಾಗ ಉತ್ತರ ಆ ಚೀಟಿಯಲ್ಲಿ ಇರಬೇಕು. ‘ಸುಖದ ಕಾಲ ಮರಳಿ ಬಂದಿದೆ’ ಎಂಬ ಬರಹವನ್ನು ನಂಬದೆ ನಾಣ್ಯವನ್ನು ತೂಗಿ ನೋಡುವ ನಾವು, ಮಾರುವವರ ಮಾತನ್ನೂ ಹಾಗೇ ತೂಗಿ ನೋಡಬೇಕು.